ಎತ್ತು ಎಳೆದ ರೈಲು, ಕೂಲಿಯವರು ಕೊಂಡ ಕಂಪನಿ

ಒಂದೇ ಹಳಿ. ಎರಡಲ್ಲ, ಒಂದೇ! ಅದರ ಮೇಲೆ ಒಂದರ ಹಿಂದೊಂದು ಪುಟ್ಟ ಗಾಲಿಗಳು, ಗಾಲಿಗಳ ಮೇಲೆ ಚಹಾ ಪೆಟ್ಟಿಗೆ ಹೇರಿದ ಬಂಡಿ. ಬಂಡಿ ಮಗುಚಬಾರದೆಂದು ಪಕ್ಕಕ್ಕೆ ಇನ್ನೊಂದು ದೊಡ್ಡ ಗಾಲಿ. ಅದು ಹಳಿಯ ಗೊಡವೆಗೇ ಹೋಗದೆ ರಸ್ತೆಯ ಮಣ್ಣಿನ ಮೇಲೆ ಉರುಳುತ್ತದೆ. ಮುಂದೆ ಎಂಜಿನ್ ಇಲ್ಲ, ಹೊಗೆ ಇಲ್ಲ, ಸಿಳ್ಳೆಯೂ ಇಲ್ಲ. ಎಳೆಯುವುದು ಎತ್ತು!

ಸಮುದ್ರಮಟ್ಟದಿಂದ ಐದು ಸಾವಿರ ಅಡಿ ಎತ್ತರದಲ್ಲಿ, ಮಂಜು ಮುಸುಕಿದ ಕಣಿವೆಯಲ್ಲಿ, 1902ರಲ್ಲಿ ಇಂಥದೊಂದು ರೈಲು ಓಡುತ್ತಿತ್ತು. ಅದೂ ಎಲ್ಲಿ? ನಾವು ಕನ್ನಡಿಗರು ಎರಡು ದಿನ ರಜೆ ಸಿಕ್ಕರೆ ಸಾಕು, ಉಡುಮಲಪೇಟೆ, ಮರಯೂರಿನ ದಾರಿ ಹಿಡಿದು ಕಾರು ಓಡಿಸಿಕೊಂಡು ಹೋಗಿ, ಹಸಿರಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಏಲಕ್ಕಿಯನ್ನೂ ಚಾಕೊಲೇಟನ್ನೂ ಕೊಂಡು ವಾಪಸಾಗುತ್ತೇವಲ್ಲ, ಆ ಮುನ್ನಾರಿನಲ್ಲಿ. ಮಾಟ್ಟುಪೆಟ್ಟಿ ಅಣೆಕಟ್ಟು, ಕುಂದಳದ ಕೆರೆ, ಟಾಪ್ ಸ್ಟೇಷನ್ ಎಂದು ಟ್ಯಾಕ್ಸಿಯವರು ಸುತ್ತಿಸುವ ದಾರಿಯೇ ಹೆಚ್ಚುಕಡಿಮೆ ಆ ರೈಲಿನ ದಾರಿ. ಟಾಪ್ ಸ್ಟೇಷನ್ ಅನ್ನುವುದು ಪ್ರವಾಸೋದ್ಯಮ ಇಲಾಖೆ ಇಟ್ಟ ಹೆಸರಲ್ಲ ಸ್ವಾಮಿ, ಅದು ನಿಜಕ್ಕೂ ಸ್ಟೇಷನ್ನೇ!

ಈ ಬಗೆಯ ಒಂಟಿ ಹಳಿಗೆ ಈವಿಂಗ್ ಪದ್ಧತಿ ಎಂದು ಹೆಸರು. ಬಂಡಿಯ ಭಾರದಲ್ಲಿ ಬಹುಪಾಲನ್ನು ಹಳಿಯೇ ಹೊತ್ತುಕೊಳ್ಳುತ್ತದೆ. ಪಕ್ಕದ ಗಾಲಿಯದು ಬರೀ ಸಮತೋಲದ ಕೆಲಸ. ಕಬ್ಬಿಣ ಅರ್ಧಕ್ಕರ್ಧ ಉಳಿಯಿತು, ಗುಡ್ಡ ಕಡಿದು ಅಗಲ ಮಾಡುವ ಖರ್ಚೂ ಉಳಿಯಿತು. ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿರುವ ಪಟಿಯಾಲದ ಮೋನೊರೈಲನ್ನು ಕೆಲವರಾದರೂ ನೋಡಿರಬಹುದು. ಅದೂ ಇದೇ ಪದ್ಧತಿಯದು, ಆದರೆ ಪಟಿಯಾಲದ ರೈಲು ಶುರುವಾದದ್ದು 1907ರಲ್ಲಿ. ಮಹಾರಾಜರಿಗಿಂತ ಐದು ವರ್ಷ ಮುಂಚೆ ಒಂದು ಚಹಾ ಕಂಪನಿ ಅದನ್ನು ಮಾಡಿ ಮುಗಿಸಿತ್ತು!

ಇಷ್ಟಕ್ಕೇ ಬೆರಗಾದರೆ ಹೇಗೆ? ಮುಂದಿನ ದಾರಿ ಕೇಳಿ. ಟಾಪ್ ಸ್ಟೇಷನ್ನಿನಲ್ಲಿ ಬೆಟ್ಟ ಕಡಿದಿಟ್ಟಂತೆ ಮುಗಿದುಹೋಗುತ್ತದೆ. ಕೆಳಗೆ ಪ್ರಪಾತ, ಪ್ರಪಾತದ ತಳದಲ್ಲಿ ತಮಿಳು ಸೀಮೆ. ಎತ್ತು ಅಲ್ಲಿಗೆ ನಿಂತಿತು. ಪೆಟ್ಟಿಗೆ ನಿಲ್ಲಲಿಲ್ಲ. ಅಲ್ಲಿಂದ ಕೆಳಗಿನ ಕೋಟ್ಟಗುಡಿಗೆ ಕಬ್ಬಿಣದ ಹಗ್ಗ ಬಿಗಿದಿದ್ದರು, ಐದು ಕಿಲೋಮೀಟರಿನ ರೋಪ್‌ವೇ. ಚಹಾ ಪೆಟ್ಟಿಗೆಗಳು ಮೋಡದೊಳಗೆ ಹೊಕ್ಕು, ಕಾಡಿನ ನೆತ್ತಿಯ ಮೇಲೆ ತೇಲಿ, ಬಾಟಮ್ ಸ್ಟೇಷನ್ನಿಗೆ ಇಳಿಯುತ್ತಿದ್ದವು. ಅಲ್ಲಿ ಕಾಯುತ್ತಿದ್ದ ಎತ್ತಿನಗಾಡಿಗಳು ಬೋಡಿನಾಯಕ್ಕನೂರಿಗೆ ಸಾಗಿಸುತ್ತಿದ್ದವು. ಅಲ್ಲಿಂದ ತೂತ್ತುಕುಡಿ ಬಂದರು, ಅಲ್ಲಿಂದ ಹಡಗು, ಹಡಗಿನಿಂದ ಲಂಡನ್ನು. ಅಲ್ಲಿ ಯಾರೋ ಒಬ್ಬಾಕೆ ಪಿಂಗಾಣಿ ಕಪ್ಪಿಗೆ ಬಿಸಿನೀರು ಸುರಿದುಕೊಳ್ಳುವಾಗ, ಈ ಸೊಪ್ಪು ಒಂಟಿ ಹಳಿ ಏರಿ, ಹಗ್ಗದಲ್ಲಿ ನೇತಾಡಿ ಬಂದದ್ದೆಂದು ಕನಸಿನಲ್ಲೂ ನೆನೆದಿರಲಾರಳು.

ಯಾರ ತಲೆಯಲ್ಲಿ ಹುಟ್ಟಿತು ಇದು? ಒಬ್ಬರ ತಲೆಯಲ್ಲಲ್ಲ. ಕಣ್ಣನ್ ದೇವನ್ ಎಂಬ ಕಂಪನಿಯ ತಲೆಯಲ್ಲಿ. ರೈಲು, ಹಗ್ಗ, ರಸ್ತೆ, ಆಸ್ಪತ್ರೆ, ಶಾಲೆ, ಕ್ಲಬ್ಬು ಎಲ್ಲವನ್ನೂ ತಾನೇ ಕಟ್ಟಿಕೊಂಡು, ಒಂದು ಇಡೀ ಪಟ್ಟಣವನ್ನೇ ತನ್ನ ಸುತ್ತ ಹೆಣೆದುಕೊಂಡ ಕಂಪನಿ ಅದು. ಅದರ ಕತೆ ಬಗೆದಷ್ಟೂ ಮುಗಿಯುವುದಿಲ್ಲ. ಮತ್ತು ರೈಲಿಗಿಂತ, ಹಗ್ಗಕ್ಕಿಂತ ದೊಡ್ಡ ಅಚ್ಚರಿ ಕತೆಯ ಈ ತುದಿಯಲ್ಲಿ, ನಮ್ಮ ಕಾಲದಲ್ಲಿ ಕೂತಿದೆ. ಅಲ್ಲಿಗೆ ಬರೋಣ.

ಮೊದಲು ಬೆಟ್ಟ. ಆನಮುಡಿ, 2,695 ಮೀಟರ್. ಹಿಮಾಲಯ ಬಿಟ್ಟರೆ ದಕ್ಷಿಣಕ್ಕೆ ಇದಕ್ಕಿಂತ ಎತ್ತರದ ಶಿಖರವಿಲ್ಲ. ಅದರ ಬುಡದಲ್ಲಿ ಶೋಲಾ ಕಾಡು, ಹುಲ್ಲುಗಾವಲು, ಆನೆ, ವರೆಯಾಡು ಎಂಬ ಕಾಡುಮೇಕೆ. ಮನುಷ್ಯರೆಂದರೆ ಮುದುವಾನ್ ಜನ. ಮಧುರೆಯಿಂದ ಬಂದವರೆಂದು ತಮ್ಮ ಕತೆ ತಾವೇ ಹೇಳಿಕೊಳ್ಳುವವರು, ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತುವವರು. ಹೊರಗಿನವರಲ್ಲಿ ಮೊದಲು ಬಂದವರು ಯಾರು? ಟಿಪ್ಪು ಸುಲ್ತಾನ್ ತಿರುವಾಂಕೂರಿನ ಮೇಲೆ ದಂಡೆತ್ತಿ ಬಂದಾಗ ಅವನನ್ನು ಅಡ್ಡಗಟ್ಟಲು ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವಾಟರ್‌ಲೂ ಗೆದ್ದ ವೆಲ್ಲಿಂಗ್ಟನ್ ಡ್ಯೂಕ್, ಈ ಬೆಟ್ಟ ಹತ್ತಿದ್ದನಂತೆ. ಗೈಡುಗಳೂ ಪುಸ್ತಕಗಳೂ ಇದನ್ನು ಉಲಿಯುತ್ತಲೇ ಇವೆ. ಶ್ರೀರಂಗಪಟ್ಟಣದ ಇತಿಹಾಸ ಓದಿ ಬೆಳೆದ ನಮಗೆ ರೋಮಾಂಚನವಾಗದೆ ಇರುತ್ತದೆಯೆ? ಆದರೆ ಟಿಪ್ಪು ತಿರುವಾಂಕೂರಿನ ಕೋಟೆಗೋಡೆಗೆ ಮುಗಿಬಿದ್ದದ್ದು 1789ರ ಕೊನೆಯಲ್ಲಿ. ವೆಲ್ಲೆಸ್ಲಿ ಇಂಡಿಯಾದ ನೆಲ ಮೆಟ್ಟಿದ್ದೇ 1797ರಲ್ಲಿ! ಕತೆ ಚೆಂದ, ಲೆಕ್ಕ ಕೂಡುವುದಿಲ್ಲ.

ಲೆಕ್ಕ ಕೂಡುವ ಇನ್ನಿಬ್ಬರಿದ್ದಾರೆ. ವಾರ್ಡ್ ಮತ್ತು ಕಾನರ್, ಮದ್ರಾಸ್ ಸೇನೆಯ ಲೆಫ್ಟಿನೆಂಟರು. 1816ರಿಂದಾಚೆಗೆ ತಿರುವಾಂಕೂರು, ಕೊಚ್ಚಿ ಸೀಮೆಯನ್ನು ಅಳೆದು ನಕ್ಷೆ ಬರೆದ ಸರ್ವೆಯವರು ಇವರು. ಇದರಲ್ಲಿ ಕಾನರ್ ನಮಗೆ ಹೊಸಬನಲ್ಲ. ತಿರುವಾಂಕೂರಿಗೆ ಹೋಗುವ ಮುಂಚೆ ಅವನು ಅಳೆದದ್ದು ನಮ್ಮ ಕೊಡಗನ್ನು. ಮಡಿಕೇರಿಯ ಮಳೆಯಲ್ಲಿ ನೆನೆದ ಸರಪಳಿಯನ್ನೇ ಆನಮುಡಿಯ ಕಡೆಗೂ ಎಳೆದುಕೊಂಡು ಹೋದ ಅನ್ನಿ.

ಆಮೇಲೆ ಅರವತ್ತು ವರ್ಷ ಬೆಟ್ಟ ತನ್ನ ಪಾಡಿಗೆ ತಾನಿತ್ತು. 1877ರಲ್ಲಿ ಬಂದ ನೋಡಿ, ಜಾನ್ ಡೇನಿಯಲ್ ಮನ್ರೊ. ತಿರುವಾಂಕೂರು ಸರ್ಕಾರದ ಅಧಿಕಾರಿ, ಏಲಮಲೆಯ, ಅಂದರೆ ಏಲಕ್ಕಿ ಬೆಟ್ಟಗಳ ಮೇಲ್ವಿಚಾರಣೆ ನೋಡಿಕೊಂಡಿದ್ದವನು, ಕಾಡು ಸುತ್ತುವ ಹುಚ್ಚಿನವನು. ಅವನಿಗೆ ಬೆಟ್ಟದ ದಾರಿ ತೋರಿಸಿದ ಮುಖಂಡನ ಹೆಸರು ಕಣ್ಣನ್ ಎಂದೂ ಅವನಿಂದಲೇ ಬೆಟ್ಟಕ್ಕೆ ಕಣ್ಣನ್ ದೇವನ್ ಎಂಬ ಹೆಸರು ಬಂತೆಂದೂ ಅಲ್ಲಿನವರು ಹೇಳುತ್ತಾರೆ. ಬೆಟ್ಟ ಪೂಂಜಾರ್ ಅರಸರ ಕೈಯಲ್ಲಿತ್ತು. ಮನ್ರೊ ಹೋಗಿ ಗುತ್ತಿಗೆ ಕೇಳಿದ. 1877ರ ಜುಲೈ 11ರಂದು ಪತ್ರವಾಯಿತು. ಎಷ್ಟು ನೆಲ? ಸುಮಾರು 227 ಚದರ ಮೈಲಿ! ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯ ಮುಕ್ಕಾಲು ಭಾಗಕ್ಕೂ ಮಿಗಿಲು. ವರ್ಷದ ಗುತ್ತಿಗೆ ಎಷ್ಟು? ಮೂರು ಸಾವಿರ ರೂಪಾಯಿ. ಚದರ ಮೈಲಿಗೆ ಹದಿಮೂರು ರೂಪಾಯಿ ಚಿಲ್ಲರೆ. ಅಂದಿನ ರೂಪಾಯಿಯ ತೂಕ ಬೇರೆ, ಒಪ್ಪಿದೆ. ಆದರೂ ಆ ಕಾಗದ ಓದುವಾಗ ಕಣ್ಣುಜ್ಜಿಕೊಳ್ಳಬೇಕಾಗುತ್ತದೆ. ಅಲ್ಲಿ ಬದುಕಿದ್ದ ಮುದುವಾನರನ್ನು ಯಾರಾದರೂ ಒಂದು ಮಾತು ಕೇಳಿದರೆ? ಆ ಕಾಲದ ಗುತ್ತಿಗೆ ಪತ್ರಗಳಿಗೆ ಅಂಥ ಅಭ್ಯಾಸವಿರಲಿಲ್ಲ.

1879ರಲ್ಲಿ ಮನ್ರೊ ಮತ್ತು ಜೊತೆಗಾರರು ನಾರ್ತ್ ಟ್ರಾವಂಕೋರ್ ಲ್ಯಾಂಡ್ ಪ್ಲಾಂಟಿಂಗ್ ಅಂಡ್ ಅಗ್ರಿಕಲ್ಚರಲ್ ಸೊಸೈಟಿ ಎಂಬ ಉದ್ದನೆಯ ಹೆಸರಿನ ಸಂಘ ಕಟ್ಟಿದರು. ನೆಲವೇನೋ ಸಿಕ್ಕಿತು, ಏನು ಬೆಳೆಯುವುದು? ಕಾಫಿ ಹಾಕಿ ನೋಡಿದರು. ಸಿಂಕೋನಾ ಹಾಕಿದರು, ಏಲಕ್ಕಿ ಹಾಕಿದರು, ಕತ್ತಾಳೆ ಜಾತಿಯ ಸೈಸಲ್ ಕೂಡ ಹಾಕಿದರು. ಸಿಂಕೋನಾ ತೊಗಟೆಯಿಂದ ಕ್ವಿನೈನ್ ತೆಗೆಯುತ್ತಾರಲ್ಲ, ಅದರ ಬೆಲೆ ನೆಲಕಚ್ಚಿತು. ಕಾಫಿಯ ಗತಿ ಸಿಲೋನಿನಲ್ಲಿ ಆಗಲೇ ಕೆಟ್ಟಿತ್ತು. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿನ ತೋಟಗಳನ್ನು ಬೋಳಿಸಿ ಹಾಕಿತ್ತು. ಆ ರೋಗದ ಬಿಸಿ ಕೊಡಗು, ಚಿಕ್ಕಮಗಳೂರಿನವರಿಗೂ ಚೆನ್ನಾಗಿ ಗೊತ್ತು. ನಮ್ಮವರು ತಡೆದುಕೊಳ್ಳುವ ತಳಿ ಹುಡುಕಿಕೊಂಡು ಕಾಫಿಯಲ್ಲೇ ಉಳಿದರು, ಮುನ್ನಾರಿನವರು ಉಳಿಯಲಿಲ್ಲ. ಎ. ಎಚ್. ಶಾರ್ಪ್ ಎಂಬ ಪ್ಲಾಂಟರ್ 1880ರಲ್ಲಿ ಪಾರ್ವತಿ ಎಸ್ಟೇಟಿನಲ್ಲಿ ಐವತ್ತು ಎಕರೆಗೆ ಚಹಾ ನೆಟ್ಟಿದ್ದ. ಉಳಿದ ಬೆಳೆಗಳೆಲ್ಲ ಕೈಕೊಟ್ಟಾಗ ಎಲ್ಲರ ಕಣ್ಣು ಆ ಐವತ್ತು ಎಕರೆಯ ಕಡೆ ತಿರುಗಿತು.

ದುಡ್ಡು ಬಂದದ್ದು ಗ್ಲಾಸ್ಗೋದಿಂದ. ಫಿನ್ಲೆ ಮ್ಯೂರ್ ಎಂಬ ಸ್ಕಾಟಿಷ್ ವ್ಯಾಪಾರಿ ಮನೆತನ 1890ರ ದಶಕದಲ್ಲಿ ಇಲ್ಲಿ ಕಾಲಿಟ್ಟು, ಚದುರಿಹೋಗಿದ್ದ ಎಸ್ಟೇಟುಗಳನ್ನು ಒಂದೊಂದಾಗಿ ಕೊಂಡಿತು. 1897ರಲ್ಲಿ ಕಣ್ಣನ್ ದೇವನ್ ಹಿಲ್ಸ್ ಪ್ರೊಡ್ಯೂಸ್ ಕಂಪನಿ ಹುಟ್ಟಿತು. ಐದು ವರ್ಷ ಕಳೆಯುವಷ್ಟರಲ್ಲಿ ಒಂಟಿ ಹಳಿ, ಕಬ್ಬಿಣದ ಹಗ್ಗ! ಅವಸರ ಅಂದರೆ ಇದು.

ಈಗ ಒಂದು ಗಿಡದ ಹತ್ತಿರ ಹೋಗೋಣ. ದೂರದಿಂದ ಹಸಿರು ರತ್ನಗಂಬಳಿ ಹಾಸಿದಂತೆ ಕಾಣುವುದು ಹತ್ತಿರ ಹೋದರೆ ಗಂಬಳಿಯಲ್ಲ, ಕುಬ್ಜ ಮರಗಳ ಕಾಡು. ಚಹಾ ಗಿಡವಲ್ಲ, ಮರ. ಬಿಟ್ಟರೆ ಮನೆಯೆತ್ತರಕ್ಕೆ ಬೆಳೆದುಬಿಡುತ್ತದೆ. ಅದನ್ನು ಸೊಂಟದ ಎತ್ತರಕ್ಕೆ ಕತ್ತರಿಸಿ, ನಾಲ್ಕೈದು ವರ್ಷಕ್ಕೊಮ್ಮೆ ಬೋಳು ಸವರಿ, ನೆತ್ತಿಯನ್ನು ಮೇಜಿನ ಹಾಗೆ ಸಪಾಟು ಮಾಡಿ ನಿಲ್ಲಿಸಿದ್ದಾರೆ. ಬಗ್ಗಿ ಬುಡ ನೋಡಿ: ತೊಡೆಗಾತ್ರದ ಕಾಂಡ, ಪಾಚಿ ಹತ್ತಿ ಬಿಳಿಚಿದ ತೊಗಟೆ, ಗಂಟುಗಂಟಾದ ಕೊಂಬೆ. ನೂರು ವರ್ಷ ದಾಟಿದ ಗಿಡಗಳು ಇಂದಿಗೂ ಚಿಗುರು ಕೊಡುತ್ತಿವೆ. ಎತ್ತು ಎಳೆದ ರೈಲಿಗೆ ಸೊಪ್ಪು ಕೊಟ್ಟ ಗಿಡವೇ ಇಂದಿನ ಲಾರಿಗೂ ಕೊಡುತ್ತಿದೆ ಎಂದರೆ ನಂಬುತ್ತೀರಾ? ನಂಬಲೇಬೇಕು.

ಆ ಮೇಜಿನ ಮೇಲೆ ಓಡುವ ಕೈ ನೋಡಬೇಕು. ಎರಡು ಎಲೆ, ಒಂದು ಕುಡಿ. ಹೆಬ್ಬೆರಳು ತೋರುಬೆರಳಿನ ನಡುವೆ ಚಿಗುರು ಸಿಕ್ಕಿತೋ ಇಲ್ಲವೋ, ಮಣಿಕಟ್ಟು ಒಂದಿಷ್ಟು ತಿರುಗಿತು, ಚಿಟ್ಟೆಂದು ಮುರಿಯಿತು, ಮುಷ್ಟಿಗೆ ಸೇರಿತು. ಮುಷ್ಟಿ ತುಂಬಿದರೆ ಬೆನ್ನ ಹಿಂದಿನ ಚೀಲಕ್ಕೆ, ಹಿಂದಿರುಗಿ ನೋಡದೆ! ಈಗ ಎಷ್ಟೋ ಕಡೆ ಬೆರಳಿನ ಬದಲು ಕತ್ತರಿ ಬಂದಿದೆ. ಕತ್ತರಿಯ ಅಲಗಿಗೆ ಅಂಟಿಸಿದ ಪುಟ್ಟ ತಟ್ಟೆಗೆ ಸೊಪ್ಪು ಬಿದ್ದು, ಅದನ್ನು ಚೀಲಕ್ಕೆ ಎಗರಿಸುತ್ತಾರೆ. ಚಿಗುರನ್ನು ಅಲ್ಲಿನವರು ಕೊಳುಂದು ಅನ್ನುತ್ತಾರೆ. ದಿನಕ್ಕೆ ಇಷ್ಟು ಕಿಲೋ ಕೊಳುಂದು ಕಿತ್ತರೆ ಸಂಬಳ, ಮೇಲೆ ಕಿತ್ತದ್ದಕ್ಕೆ ಪುಡಿಗಾಸು. ನಾಲ್ಕೂವರೆ ಕಿಲೋ ಹಸಿ ಸೊಪ್ಪು ಬಾಡಿ, ಹಿಂಡಿಸಿಕೊಂಡು, ಗಾಳಿಗೆ ಕೆಂಪಾಗಿ, ಬಿಸಿಗೆ ಒಣಗಿ, ಕಡೆಗೆ ಒಂದು ಕಿಲೋ ಪುಡಿ. ಮುನ್ನಾರಿನ ನಲ್ಲತಣ್ಣಿ ಎಸ್ಟೇಟಿನ ಚಹಾ ಮ್ಯೂಸಿಯಮ್ಮಿನಲ್ಲಿ 1905ರ ರೋಲರ್ ಯಂತ್ರವನ್ನೂ 1913ರ ಕಲ್ಲಿನ ಬಿಸಿಲು ಗಡಿಯಾರವನ್ನೂ ಇಟ್ಟಿದ್ದಾರೆ. ಮಂಜಿನ ಊರಿಗೆ ಬಿಸಿಲು ಗಡಿಯಾರ! ಆ ತಮಾಷೆಗಾದರೂ ನೋಡಿ ಬನ್ನಿ.

ಆ ಕೈಗಳು ಎಲ್ಲಿಯವು? ಬೆಟ್ಟದವಲ್ಲ. ತಿರುನೆಲ್ವೇಲಿ, ಮಧುರೆ, ರಾಮನಾಥಪುರದ ಬರಗಾಲದ ಹಳ್ಳಿಗಳಿಂದ ಬಂದವು. ಕರೆತಂದವನು ಕಂಗಾಣಿ. ಮುಂಗಡ ಕೊಟ್ಟು, ಸಾಲದ ಚೀಟಿ ಬರೆಸಿಕೊಂಡು, ಕಾಲ್ನಡಿಗೆಯಲ್ಲಿ ಬೆಟ್ಟ ಹತ್ತಿಸಿ, ಕೂಲಿಯಲ್ಲಿ ತನ್ನ ಪಾಲು ಮುರಿದುಕೊಳ್ಳುತ್ತಿದ್ದ ಮೇಸ್ತ್ರಿ. ನಮ್ಮ ಕಾಫಿ ಸೀಮೆಯ ಹಳಬರಿಗೆ ಈ ಏರ್ಪಾಡು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿದವರಿಗೆ ಲಯ ಎಂಬ ಸಾಲುಮನೆ: ಒಂದು ಕೋಣೆ, ಒಂದು ಅಡುಗೆಯ ಮೂಲೆ, ಮುಂದೆ ಒಂದಿಷ್ಟು ಜಗಲಿ. ಕೆಲಸವಿರುವಷ್ಟು ದಿನ ಮನೆ. ಕೆಲಸ ಮುಗಿದರೆ ಮನೆ ಬಿಡಬೇಕು. ಈ ಒಂದು ಕರಾರನ್ನು ನೆನಪಿಟ್ಟುಕೊಂಡಿರಿ. ಮೂರು ನಾಲ್ಕು ತಲೆಮಾರು ಅದೇ ಬೆಟ್ಟದಲ್ಲಿ ಹುಟ್ಟಿ ಬೆಳೆದವರು ನಿವೃತ್ತಿಯಾದ ದಿನ ಇಲ್ಲಿ ತಮ್ಮದೆನ್ನುವ ಒಂದು ಗೋಡೆಯೂ ಇಲ್ಲದೆ ನಿಲ್ಲುತ್ತಿದ್ದದ್ದು ಇದರಿಂದಲೇ. 1951ರ ಪ್ಲಾಂಟೇಷನ್ ಕಾಯ್ದೆ ಮನೆ, ಆಸ್ಪತ್ರೆ, ಶಿಶುವಿಹಾರಗಳನ್ನು ಹಕ್ಕಾಗಿಸಿತು, ನಿಜ. ಮನೆಯ ಒಡೆತನವನ್ನು ಕೊಡಲಿಲ್ಲ.

ದೊರೆಗಳ ಪಾಲಿಗೂ ಆ ಬೆಟ್ಟ ಬರೀ ಬಂಗಲೆ, ಬೇಟೆ ಆಗಿರಲಿಲ್ಲ. ಮುನ್ನಾರಿನ ಕ್ರೈಸ್ಟ್ ಚರ್ಚಿನ ಹಿಂದೆ ಒಂದು ದಿಣ್ಣೆ ಹತ್ತಿ. ಅಲ್ಲಿನ ಮೊದಲ ಸಮಾಧಿ ಎಲೀನರ್ ನೈಟ್ ಎಂಬಾಕೆಯದು. ಇಲ್ಲಿನ ಮ್ಯಾನೇಜರ್ ಹೆನ್ರಿ ನೈಟ್‌ನ ಎಳೆಯ ಹೆಂಡತಿ. ಹೊಸದಾಗಿ ಬಂದಿದ್ದಳು, 1894ರ ಡಿಸೆಂಬರಿನಲ್ಲಿ ಕಾಲರಾ ತಗುಲಿ ತೀರಿಕೊಂಡಳು. ಚರ್ಚು ಕಟ್ಟಿದ್ದು 1910ರ ಹೊತ್ತಿಗೆ. ಮೊದಲು ಸಮಾಧಿ, ಆಮೇಲೆ ಚರ್ಚು!

ರೈಲಿಗೆ ಮರಳೋಣ. ಎತ್ತಿನ ಮೋನೊರೈಲು ಸಾಲದಾಯಿತು. 1908ರಲ್ಲಿ ಎರಡು ಅಡಿ ಅಗಲದ ಜೋಡಿ ಹಳಿ ಬಂತು, ಪುಟಾಣಿ ಉಗಿಬಂಡಿ ಬಂತು. ಮುನ್ನಾರಿನಲ್ಲಿ, ಮಾಟ್ಟುಪೆಟ್ಟಿಯಲ್ಲಿ, ಪಾಲಾರಿನಲ್ಲಿ ನಿಲ್ದಾಣಗಳೆದ್ದವು. ಹದಿನಾರು ವರ್ಷ ಎಲ್ಲವೂ ಸೊಗಸಾಗಿ ನಡೆಯಿತು.

1924ರ ಜುಲೈ. ಮಲಯಾಳಿಗಳು ಇಂದಿಗೂ ತೊಂಬತ್ತೊಂಬತ್ತರ ನೆರೆ ಅನ್ನುತ್ತಾರೆ, ಅವರ ಕೊಲ್ಲಂ ಶಕದ 1099. ಆ ಒಂದು ತಿಂಗಳಲ್ಲಿ ಮುನ್ನಾರಿನಲ್ಲಿ ಸುರಿದದ್ದು 4,850 ಮಿಲಿಮೀಟರ್ ಎಂಬುದು ಎಲ್ಲೆಡೆ ಸಿಗುವ ಲೆಕ್ಕ. ನಮ್ಮ ಆಗುಂಬೆಗೆ ಇಡೀ ವರ್ಷಕ್ಕೆ ಏಳೆಂಟು ಸಾವಿರ ಬೀಳುತ್ತದೆ. ಅದರ ಅರ್ಧಕ್ಕೂ ಹೆಚ್ಚನ್ನು ಒಂದೇ ತಿಂಗಳಿನಲ್ಲಿ ಕಣ್ಣೆದುರು ತಂದುಕೊಳ್ಳಿ! ಗುಡ್ಡಗಳು ಜಾರಿದವು. ಹಳಿ, ಸೇತುವೆ, ಡಬ್ಬಿ ಎಲ್ಲ ಕೊಚ್ಚಿಹೋದವು. ಪಡುವಣಕ್ಕೆ ಆಲುವಾಗೆ ಇಳಿಯುತ್ತಿದ್ದ ಹಳೆಯ ರಸ್ತೆಯೂ ಬೆಟ್ಟದ ಜೊತೆಗೇ ಮಾಯವಾಯಿತು. ಆ ರಸ್ತೆ ಇವತ್ತಿಗೂ ಕಾಡಿನೊಳಗೆ ಅರ್ಧಂಬರ್ಧ ಮಲಗಿದೆ. ರೈಲನ್ನು ಮತ್ತೆ ಕಟ್ಟಲಿಲ್ಲ. ಮುನ್ನಾರಿನ ರೈಲು ನಿಲ್ದಾಣವೇ ಮುಂದೆ ಕಂಪನಿಯ ಕಚೇರಿಯಾಯಿತು. ಟಿಕೆಟ್ ಕಿಟಕಿ ಇದ್ದ ಕಡೆ ಫೈಲುಗಳು ಬಂದು ಕೂತವು.

ಆದರೆ ನೆರೆ ಬೇರೊಂದು ಕೆಲಸ ಮಾಡಿತು. ಅಲ್ಲಿಯವರೆಗೆ ಚಹಾದ ಮುಖವೆಲ್ಲ ಮೂಡಣಕ್ಕೆ, ತಮಿಳು ಸೀಮೆಯ ಕಡೆಗಿತ್ತು. ತಿರುವಾಂಕೂರಿನ ರಾಣಿ ಸೇತು ಲಕ್ಷ್ಮೀಬಾಯಿ ನೇರ್ಯಮಂಗಲದ ಮೂಲಕ ಹೊಸ ರಸ್ತೆ ಮಾಡಿಸಿದರು, ಅದು 1931ರಲ್ಲಿ ತೆರೆಯಿತು. ಪೆರಿಯಾರ್ ಹೊಳೆಗೆ ನೇರ್ಯಮಂಗಲದ ಸೇತುವೆ ಬಿದ್ದದ್ದು 1935ರಲ್ಲಿ. ಚಹಾ ಪಡುವಣಕ್ಕೆ, ಕೊಚ್ಚಿಗೆ ಇಳಿಯತೊಡಗಿತು. 1947ರಲ್ಲಿ ಕೊಚ್ಚಿಯಲ್ಲೇ ಚಹಾ ಹರಾಜು ಶುರುವಾಯಿತು. ಲಂಡನ್ನಿನ ದಲ್ಲಾಳಿ ರುಚಿ ನೋಡುತ್ತಿದ್ದ ಸೊಪ್ಪನ್ನು ಈಗ ಮಟ್ಟಾಂಚೇರಿಯ ಸುತ್ತಮುತ್ತ ಸೊರ್‍ರೆಂದು ಹೀರಿ ಉಗುಳಿ ಬೆಲೆ ಕಟ್ಟುವವರು ಬಂದರು.

ಸ್ವಾತಂತ್ರ್ಯದ ನಂತರದ ಹದಿನೈದು ವರ್ಷಗಳಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. 1964ರಲ್ಲಿ ಟಾಟಾ ಬಳಗ ಫಿನ್ಲೆ ಜೊತೆ ಕೈಗೂಡಿಸಿತು. ಆ ನಂಟು ಹುಟ್ಟಿದ್ದು ನೀರಿಗೆ ಹಾಕಿದರೆ ಕರಗುವ ಇನ್‌ಸ್ಟಂಟ್ ಟೀಯ ಕಾರ್ಖಾನೆಗಾಗಿ. ಮೆಲ್ಲಗೆ ಪಾಲು ಬೆಳೆಯಿತು. 1976ರ ಹೊತ್ತಿಗೆ ತೋಟಗಳೇ ಟಾಟಾ ಫಿನ್ಲೆಗೆ ಬಂದವು, 1983ಕ್ಕೆ ಫಿನ್ಲೆ ಹೆಸರೂ ಅಳಿಸಿ ಟಾಟಾ ಟೀ ಆಯಿತು. ನಡುವೆ ಕೇರಳ ಸರ್ಕಾರ 1971ರಲ್ಲಿ ಕಾಯ್ದೆ ಮಾಡಿ, ಪೂಂಜಾರ್ ಅರಸರು ಕೊಟ್ಟ ಆ ಮಹಾ ಗುತ್ತಿಗೆಯನ್ನೇ ಹಿಂದಕ್ಕೆ ತೆಗೆದುಕೊಂಡಿತು. ಕಂಪನಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಕಾಯ್ದೆ ಉಳಿಯಿತು. ತೋಟಕ್ಕೆಂದು ಕಂಪನಿಯ ಕೈಯಲ್ಲಿ ಬಿಟ್ಟದ್ದು ಸುಮಾರು 57,000 ಎಕರೆ. ಒಂದು ಕಾಲಕ್ಕೆ ದೊರೆಗಳು ಬೇಟೆಗೆಂದು ಕಾಪಾಡಿಟ್ಟಿದ್ದ ಹುಲ್ಲುಗಾವಲು 1975ರಲ್ಲಿ ವನ್ಯಧಾಮ, 1978ರಲ್ಲಿ ಎರವಿಕುಳಂ ರಾಷ್ಟ್ರೀಯ ಉದ್ಯಾನ. ಹನ್ನೆರಡು ವರ್ಷಕ್ಕೊಮ್ಮೆ ನೀಲಕುರಿಂಜಿ ಅರಳುವುದು ಅಲ್ಲೇ. ಕೋವಿ ಹಿಡಿದವರೇ ವರೆಯಾಡನ್ನು ಉಳಿಸಿದರು ಎಂಬ ವಿಚಿತ್ರ ಸತ್ಯವನ್ನು ನುಂಗಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಆಮೇಲೆ ನೋಡಿ, 2000ನೇ ಇಸವಿ. ಟಾಟಾ ಟೀ ಹೋಗಿ ಬ್ರಿಟನ್ನಿನ ಟೆಟ್ಲಿಯನ್ನೇ ಕೊಂಡುಕೊಂಡಿತು, 271 ದಶಲಕ್ಷ ಪೌಂಡಿಗೆ! ಗಿಡ ನೆಟ್ಟವರ ನಾಡಿನ ಚಹಾ ಬ್ರಾಂಡು, ಗಿಡ ನೆಟ್ಟ ನಾಡಿನವರ ಕೈಗೆ. ಭಾರತೀಯ ಕಂಪನಿಯೊಂದು ಹೊರದೇಶದಲ್ಲಿ ಅಷ್ಟು ದೊಡ್ಡದನ್ನು ಅಲ್ಲಿಯವರೆಗೆ ನುಂಗಿರಲಿಲ್ಲ. ಆದರೆ ಟೆಟ್ಲಿ ಕೈಗೆ ಬಂದ ಮೇಲೆ ಲೆಕ್ಕ ಬದಲಾಯಿತು. ದುಡ್ಡಿರುವುದು ಪೊಟ್ಟಣದಲ್ಲಿ, ಗಿಡದಲ್ಲಲ್ಲ. ಹರಾಜಿನಲ್ಲಿ ಬೆಲೆ ಕುಸಿಯುತ್ತ ಹೋಗಿತ್ತು, ದಕ್ಷಿಣದ ಚಹಾ ನೆಚ್ಚಿಕೊಂಡಿದ್ದ ಸೋವಿಯತ್ ಗಿರಾಕಿ ಇಲ್ಲವಾಗಿ ವರ್ಷಗಳಾಗಿದ್ದವು. ಪಕ್ಕದ ಪೀರುಮೇಡಿನಲ್ಲಿ ಎಸ್ಟೇಟುಗಳನ್ನು ಹಾಗೇ ಬಿಟ್ಟುಹೋದ ಮಾಲೀಕರಿದ್ದರು. ಅಲ್ಲಿ ಗಿಡಗಳು ಮರವಾಗಿ ಬೆಳೆಯುತ್ತಿದ್ದವು, ಲಯದ ಜನ ಉಪವಾಸ ಬಿದ್ದಿದ್ದರು. ಮುನ್ನಾರಿನಲ್ಲೂ ಬೀಗ ಬಿದ್ದರೆ?

ಬೀಗ ಬೀಳಲಿಲ್ಲ. 2005ರಲ್ಲಿ ಟಾಟಾ ಟೀ ತೋಟಗಳಿಂದ ಹಿಂದೆ ಸರಿದು, ಕಣ್ಣನ್ ದೇವನ್ ಹಿಲ್ಸ್ ಪ್ಲಾಂಟೇಷನ್ಸ್ ಎಂಬ ಹೊಸ ಕಂಪನಿಗೆ ಅವನ್ನು ವಹಿಸಿತು. ಹೊಸ ಕಂಪನಿಯ ಒಡೆಯರು ಯಾರು? ಕೊಳುಂದು ಕೀಳುವವರು. ಸೊಪ್ಪು ತೂಗುವವರು. ಕಾರ್ಖಾನೆಯಲ್ಲಿ ರೋಲರ್ ತಿರುಗಿಸುವವರು, ಗುಮಾಸ್ತರು, ಮ್ಯಾನೇಜರುಗಳು. ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಸೇರಿ ಸುಮಾರು ಶೇ. 69ರಷ್ಟು ಪಾಲು ಕೊಂಡರು! ಕಂಗಾಣಿಯ ಸಾಲದ ಚೀಟಿಗೆ ಹೆಬ್ಬೆಟ್ಟು ಒತ್ತಿ ಬೆಟ್ಟ ಹತ್ತಿದವರ ಮೊಮ್ಮಕ್ಕಳು ಷೇರು ಪತ್ರಕ್ಕೆ ಸಹಿ ಹಾಕಿದರು. ಏಳು ದೊಡ್ಡ ಎಸ್ಟೇಟು, ವರ್ಷಕ್ಕೆ ಎರಡು ಕೋಟಿ ಕಿಲೋ ಆಸುಪಾಸಿನ ಚಹಾ, ಮತ್ತು ಅದರ ಯಜಮಾನರು ಬೆಳಗ್ಗೆ ಚೀಲ ಹೊತ್ತು ಇಳಿಜಾರು ಹತ್ತುವ ಹೆಂಗಸರು. ಎತ್ತಿನ ಮೋನೊರೈಲು ನನ್ನನ್ನು ಬೆರಗುಗೊಳಿಸಿತ್ತು, ಇದು ಬೆಚ್ಚಿಬೀಳಿಸಿತು. ಮೊದಲ ವರ್ಷಗಳಲ್ಲೇ ಕಂಪನಿ ನಷ್ಟದಿಂದ ಲಾಭಕ್ಕೆ ತಿರುಗಿತು.

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಸಿನಿಮಾ ಆಗುತ್ತಿತ್ತು. ಆದರೆ ಹತ್ತು ವರ್ಷದ ಮೇಲೆ, 2015ರ ಸೆಪ್ಟೆಂಬರಿನಲ್ಲಿ, ಅದೇ ಷೇರುದಾರರು ಮುಷ್ಕರ ಹೂಡಿದರು. ಆ ವರ್ಷ ಬೋನಸ್ಸನ್ನು ಶೇ. 20ರಿಂದ 10ಕ್ಕೆ ಇಳಿಸಿದ್ದರು. ದಿನಗೂಲಿ 232 ರೂಪಾಯಿ. ಅವರು ಕೇಳಿದ್ದು 500. ಸಾವಿರಾರು ಹೆಂಗಸರು ಕೆಲಸ ಬಿಟ್ಟು ಬಂದು ಮುನ್ನಾರಿನ ನಡುಬೀದಿಯಲ್ಲಿ, ಕಂಪನಿ ಕಚೇರಿಯ ಎದುರು ಕೂತರು. ಪಕ್ಷ ಇಲ್ಲ, ಯೂನಿಯನ್ ಇಲ್ಲ. ಮಾತಾಡಿಸಲು ಬಂದ ಯೂನಿಯನ್ ಮುಖಂಡರನ್ನು ಓಡಿಸಿದರು, ಗಂಡಸರನ್ನು ಅತ್ತ ಸರಿಸಿದರು. ತಮ್ಮ ಕೂಟಕ್ಕೆ ಪೆಂಬಿಳೈ ಒರುಮೈ ಎಂದು ಹೆಸರಿಟ್ಟುಕೊಂಡರು, ಹೆಂಗಸರ ಒಗ್ಗಟ್ಟು. ಒಂಬತ್ತು ದಿನ! ತೊಂಬತ್ತು ದಾಟಿದ್ದ ಕಮ್ಯುನಿಸ್ಟ್ ಮುಖಂಡ ವಿ. ಎಸ್. ಅಚ್ಯುತಾನಂದನ್ ಒಬ್ಬರನ್ನು ಮಾತ್ರ ತಮ್ಮ ನಡುವೆ ಕೂರಿಸಿಕೊಂಡರು. ಕೊನೆಗೆ ಮುಖ್ಯಮಂತ್ರಿ ಉಮ್ಮನ್ ಚಾಂಡಿಯವರ ಮುಂದೆ ಒಪ್ಪಂದವಾಗಿ, ಬೋನಸ್ಸೂ ಎಕ್ಸ್‌ಗ್ರೇಷಿಯಾವೂ ಸೇರಿ ಹಳೆಯ ಶೇ. 20 ಮರಳಿತು. ಮುಂದಿನ ತಿಂಗಳು ಕೇರಳದ ಚಹಾ ತೋಟಗಳ ದಿನಗೂಲಿ 301 ಆಯಿತು.

ಒಡೆಯರೇ ತಮ್ಮ ಕಂಪನಿಯ ವಿರುದ್ಧ ಮುಷ್ಕರ ಹೂಡುವುದೆಂದರೇನು? ಕಾಗದದ ಮೇಲಿನ ಒಡೆತನ ಬಲು ತೆಳುವಾದದ್ದು ಎಂದು ನನಗನ್ನಿಸುತ್ತದೆ. ಷೇರು ಅವರ ಹೆಸರಿನಲ್ಲಿದೆ, ಲಯದ ಮನೆ ಇಲ್ಲ. ಲಾಭಾಂಶ ವರ್ಷಕ್ಕೊಮ್ಮೆ ಬಂದರೆ ಬಂತು. ಅಕ್ಕಿ ದಿನವೂ ಬೇಕು. ಆದರೂ ಇದನ್ನು ಬರೀ ಕಣ್ಕಟ್ಟು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪೀರುಮೇಡಿನಲ್ಲಿ ಮುಚ್ಚಿದ ಕಾರ್ಖಾನೆಯ ಮುಂದೆ ನಿಂತವರಿಗೆ ಬೋನಸ್ ಕೇಳಲು ಎದುರಿಗೆ ಒಬ್ಬ ಮನುಷ್ಯನೂ ಇರಲಿಲ್ಲ. ಮುನ್ನಾರಿನಲ್ಲಿ ಕೇಳುವುದಕ್ಕೆ ಕಂಪನಿ ಇತ್ತು, ಕೇಳುವ ಗಂಟಲೂ ಇತ್ತು.

ಬೆಟ್ಟ ಮಾತ್ರ ಷೇರು ನೋಡುವುದಿಲ್ಲ. 2020ರ ಆಗಸ್ಟ್ 6ರ ರಾತ್ರಿ, ನಯಮಕ್ಕಾಡ್ ಎಸ್ಟೇಟಿನ ಪೆಟ್ಟಿಮುಡಿಯಲ್ಲಿ ಗುಡ್ಡ ಜಾರಿ ಲಯದ ಸಾಲುಗಳ ಮೇಲೆ ಬಿತ್ತು. 70 ಮಂದಿ ಹೋದರು. ಒಂದೇ ಕುಟುಂಬದ ಹಲವರು, ಮಕ್ಕಳು, ಮಲಗಿದ್ದಲ್ಲೇ. ಕೆಲವರ ಮೈ ಕೂಡ ಸಿಗಲಿಲ್ಲ. ಇಷ್ಟು ಹೊತ್ತು ಅಬ್ಬಾ ಅಬ್ಬಾ ಎನ್ನುತ್ತ ಬಂದವನಿಗೆ ಇಲ್ಲಿ ಮಾತು ಓಡುವುದಿಲ್ಲ.

ಇಷ್ಟಾಗಿಯೂ ತೋಟ ನಡೆಯುತ್ತಿದೆ.

ಕೊನೆಗೊಂದು ಸೋಜಿಗ, ನಮ್ಮ ದಿನಸಿ ಅಂಗಡಿಯ ಕಪಾಟಿನದು. ಕಣ್ಣನ್ ದೇವನ್ ಎಂಬ ಹೆಸರಿನ ಚಹಾ ಪೊಟ್ಟಣ ನೋಡಿರುತ್ತೀರಿ. ಆ ಬ್ರಾಂಡು ಟಾಟಾದವರದು. ತೋಟ ಬಿಟ್ಟಾಗ ಅವರು ಹೆಸರು ಬಿಡಲಿಲ್ಲ. ಬೆಟ್ಟವನ್ನೂ ಗಿಡವನ್ನೂ ಕಾರ್ಖಾನೆಯನ್ನೂ ನಡೆಸುವ ಕಾರ್ಮಿಕರ ಕಂಪನಿ ತನ್ನ ಬೆಟ್ಟದ ಹೆಸರನ್ನು ತನ್ನ ಪೊಟ್ಟಣದ ಬ್ರಾಂಡಾಗಿ ಮೆರೆಸುವಂತಿಲ್ಲ. ಅದಕ್ಕೇ ಅವರು ಹೊಸ ಹೆಸರು ಹುಡುಕಿಕೊಂಡು, ರಿಪ್ಪಲ್ ಎಂದು ಮಾರುತ್ತಾರೆ. ಮುಂದಿನ ಸಲ ಮುನ್ನಾರಿಗೆ ಹೋದಾಗ ಅಂಗಡಿಯಲ್ಲಿ ಆ ಹೆಸರು ಹೇಳಿ ಕೇಳಿ, ಕೊಡುತ್ತಾರೆ.